ಅಜ್ಜನ ತಿಥಿಗೊಂದು ತಾರೀಖು

ಸಾರ್ವಜನಿಕ ದಾಖಲೆ ಎನ್ನುವ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಸಾರ್ವಜನಿಕ ಎಂದರೆ ಎಲ್ಲರದೂ ಎಂದು ನಾನು ತಿಳಿದುಕೊಂಡಿದ್ದೆ. ಹಾಗಲ್ಲ, ಎಲ್ಲರಿಂದಲೂ ದುಡ್ಡು ಕೀಳಬಹುದಾದದ್ದು ಎಂದು ನನಗೆ ಕಲಿಸಿದ್ದು ಬಸವೇಶ್ವರನಗರದ ಒಂದು ಸೈಬರ್ ಸೆಂಟರಿನ ಮೂರನೇ ನಂಬರ್ ಕಂಪ್ಯೂಟರು.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನಾನಾಗ ರಾಜಾಜಿನಗರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ವೈಕುಂಠ ಸಮಾರಾಧನೆಯ ಕಾಗದ, ಇವೇ ನಮ್ಮ ಪ್ರೆಸ್ಸಿನ ಅನ್ನ. ಮದುವೆ ಕಾಗದದಲ್ಲಿ ಒಂದಕ್ಷರ ತಪ್ಪಿದರೆ ಜನ ನಕ್ಕು ಸುಮ್ಮನಾಗುತ್ತಾರೆ, ಸಾವಿನ ಕಾಗದದಲ್ಲಿ ತಿಥಿ ತಪ್ಪಿದರೆ ಜಗಳಕ್ಕೇ ಬರುತ್ತಾರೆ. ಹೀಗೆ ಊರವರ ಸತ್ತ ದಿನಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದ ನನಗೆ ನನ್ನ ತಾಯಿಯ ತಂದೆ ಸತ್ತ ದಿನ ಗೊತ್ತಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ.

ನಮ್ಮದು ಕಬ್ಬಿಣದ ಕೆಲಸದ ಮನೆತನ. ಅಜ್ಜ ಕುಲುಮೆ ಬಿಟ್ಟು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಲೇತ್ ಹಿಡಿದವರು. ಯುದ್ಧದ ಕಾಲದಲ್ಲಿ ಕೈ ಚೆನ್ನಾಗಿರುವ ಕೆಲಸಗಾರರನ್ನು ಆರಿಸಿ ತರಬೇತಿಗೆಂದು ಇಂಗ್ಲೆಂಡಿಗೆ ಕಳಿಸುತ್ತಿದ್ದರಂತೆ. ಅಜ್ಜನೂ ಹೋದರು. ಆಗ ಅಮ್ಮನಿಗೆ ಎರಡು ವರ್ಷ, ಅವಳೊಬ್ಬಳೇ ಮಗಳು. ಏಳೆಂಟು ತಿಂಗಳು ಕಾಗದ ಬಂತು, ಆಮೇಲೆ ನಿಂತುಹೋಯಿತು. ವಾಪಸು ಬರುವ ಹಡಗು ಹತ್ತಿದ್ದರು, ಹಡಗು ಮುಳುಗಿತು ಎಂದು ಕಾರ್ಖಾನೆಯಲ್ಲಿ ಯಾರೋ ಹೇಳಿದರು. ಬಾಂಬು ಬಿದ್ದು ಹೋದರು ಎಂದು ಇನ್ನೊಬ್ಬರು. ಎರಡಕ್ಕೂ ಒಂದು ಚೂರು ಕಾಗದದ ಆಧಾರ ಇರಲಿಲ್ಲ.

ನಮ್ಮಲ್ಲಿ ಹೀಗೆ ಹೋದವನ ಸುದ್ದಿಗೆ ಹನ್ನೆರಡು ವರ್ಷ ಕಾಯುತ್ತಾರೆ. ಅಷ್ಟರಲ್ಲಿ ಬರದಿದ್ದರೆ ಸತ್ತವನೆಂದೇ ಎಣಿಸಿ, ದರ್ಭೆಯಲ್ಲಿ ಒಂದು ಗೊಂಬೆ ಕಟ್ಟಿ, ಆ ಗೊಂಬೆಗೆ ಬೆಂಕಿ ಕೊಟ್ಟು ಎಲ್ಲ ಕರ್ಮ ಮಾಡಿ ಮುಗಿಸುತ್ತಾರೆ. ಅಜ್ಜನಿಗೂ ಹಾಗೇ ಮಾಡಿದರು. ಅವತ್ತು ಅಜ್ಜಿಯ ಕುಂಕುಮ ಅಳಿಸಿದರು. ದರ್ಭೆ ಸುಟ್ಟ ದಿನವನ್ನೇ ತಿಥಿ ಎಂದು ಇಟ್ಟುಕೊಳ್ಳಿ ಎಂದು ಪುರೋಹಿತರು ಹೇಳಿದ್ದರಂತೆ. ಅಜ್ಜಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಅದು ದರ್ಭೆ ಸತ್ತ ದಿನ. ಅವರು ಸತ್ತ ದಿನ ಅಲ್ಲ" ಎಂದಳಂತೆ. ಆಮೇಲೆ ಅವಳು ಮಾಗಡಿ ರೋಡಿನ ಒಂದು ವಠಾರದಲ್ಲಿ ಊದಿನಕಡ್ಡಿ ಹೊಸೆದು ಮಗಳನ್ನು ಸಾಕಿದಳು, ಮದುವೆ ಮಾಡಿದಳು, ನಾನು ಎರಡನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡಳು.

ಅಜ್ಜನಿಗೆ ತಿಥಿ ಇಲ್ಲದ್ದರಿಂದ ಮಹಾಲಯ ಅಮಾವಾಸ್ಯೆಯ ದಿನ, ದಿನ ಗೊತ್ತಿಲ್ಲದೆ ಹೋದ ಎಲ್ಲರ ಜೊತೆಯಲ್ಲಿ, ಅವರಿಗೂ ಒಂದು ಪಿಂಡ ಇಡುವುದು ನಡೆದುಬಂದಿತ್ತು. ಗಂಡುಮಕ್ಕಳಿಲ್ಲದ ಮನೆ, ಮಗಳ ಮಗನಾದ ನನ್ನ ತಲೆಗೇ ಅದು ಬಂದಿತ್ತು. ಅಮ್ಮ ಇದನ್ನೊಂದು ದೊಡ್ಡ ವಿಷಯ ಮಾಡಿದವಳಲ್ಲ. ನಮ್ಮಪ್ಪ ತೀರಿಕೊಂಡು, ಅವರ ವರ್ಷಾಬ್ದಿಕ ಆಗಿ, ಮರುವರ್ಷ ತಿಥಿ ಮಾಡಿ ಎದ್ದ ಮೇಲೆ ಒಂದು ಮಧ್ಯಾಹ್ನ ಅಂದಳು: "ನಿಮ್ಮಪ್ಪಂಗೆ ಒಂದು ದಿನ ಅಂತ ಇದೆ. ನಮ್ಮಪ್ಪಂಗೆ ಒಂದು ದಿನಾನೇ ಇಲ್ಲ ನೋಡೋ. ನಾನು ಕಣ್ಣು ಮುಚ್ಚೋದ್ರೊಳಗೆ ಒಂದೇ ಒಂದು ಸಲ ಅವರ ದಿನದಲ್ಲೇ ಅವರಿಗೆ ಮಾಡಿಸಪ್ಪ."

ಆಗ ಅವಳಿಗೆ ಅರವತ್ತಾರು. ಉಬ್ಬಸ ಬೇರೆ. ನಾನು ಹೂಂ ಅಂದುಬಿಟ್ಟೆ. ಹೇಗೆ ಮಾಡಿಸುವುದು ಎಂಬುದರ ತಲೆಬುಡ ನನಗೆ ಗೊತ್ತಿರಲಿಲ್ಲ.

ದಾರಿ ತೋರಿಸಿದ್ದು ಭಾನುವಾರದ ಪುರವಣಿಯ ಒಂದು ಬರಹ. ಇಂಗ್ಲೆಂಡಿನಲ್ಲಿ ಹುಟ್ಟಿದವರ, ಮದುವೆಯಾದವರ, ಸತ್ತವರ ಪಟ್ಟಿಗಳೆಲ್ಲ ಸಾರ್ವಜನಿಕ ದಾಖಲೆಗಳು, ಈಗ ಅವು ಇಂಟರ್ನೆಟ್ಟಿಗೆ ಬಂದಿವೆ, ಕೂತಲ್ಲೇ ನಿಮ್ಮ ವಂಶದ ಬೇರು ಹುಡುಕಬಹುದು ಎಂದು ಬರೆದಿದ್ದರು. ಕೂತಲ್ಲೇ! ಬರೆದವರು ಒಂದು ಸಲ ಕೂತು ನೋಡಬೇಕಿತ್ತು.

ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ದಾಟಿದರೆ ಒಂದು ಸೈಬರ್ ಸೆಂಟರ್ ಇತ್ತು. ಹುಬ್ಬಳ್ಳಿ ಕಡೆಯಿಂದ ಬಂದ ಒಬ್ಬಾಕೆ ನಡೆಸುತ್ತಿದ್ದರು. ಗಂಡ ಪೀಣ್ಯದಲ್ಲಿ ಕೆಲಸಕ್ಕೆ ಹೋದರೆ ಇವರು ಬೆಳಿಗ್ಗೆಯಿಂದ ಸಂಜೆಯವರೆಗೆ ಆರು ಕಂಪ್ಯೂಟರು, ಒಂದು ಜೆರಾಕ್ಸ್ ಮೆಷಿನ್ನು ನೋಡಿಕೊಳ್ಳುತ್ತಿದ್ದರು. ಮೂವತ್ತೈದರ ಆಸುಪಾಸು, ಹಣೆಯ ಮೇಲೆ ಕಾಸಗಲ ಕುಂಕುಮ. ಪ್ರೆಸ್ಸು ಮುಗಿಸಿ ಐದೂವರೆಗೆ ಅಲ್ಲಿಗೆ ಹೋಗಿ ಮೂರನೇ ನಂಬರಿನ ಮುಂದೆ ಕೂರುವುದು ನನ್ನ ದಿನಚರಿಯಾಯಿತು.

ಆ ವೆಬ್‌ಸೈಟ್ ಮೊದಲ ಪುಟದಲ್ಲಿ ಬಹಳ ಒಳ್ಳೆಯದು. ಸ್ವಾಗತ, ನಿಮ್ಮ ಹಿರಿಯರು ನಿಮಗಾಗಿ ಕಾಯುತ್ತಿದ್ದಾರೆ ಎನ್ನುವ ಧಾಟಿಯಲ್ಲಿ ಮಾತಾಡಿಸುತ್ತದೆ. ಹುಡುಕುವುದು ಉಚಿತ. ಹೆಸರು ಹಾಕಿ ಒತ್ತಿದರೆ, ಇಷ್ಟು ದಾಖಲೆ ಸಿಕ್ಕಿವೆ ಎಂದು ಹೇಳುತ್ತದೆ. ಏನು ಸಿಕ್ಕಿದೆ ಎಂದು ನೋಡಬೇಕಾದರೆ ದುಡ್ಡು. ದುಡ್ಡೆಂದರೆ ನೇರವಾಗಿಯೂ ಅಲ್ಲ, ಮೊದಲು ಪೌಂಡಿನಲ್ಲಿ ಅಂಕಗಳನ್ನು ಕೊಳ್ಳಬೇಕು, ಒಂದೊಂದು ಪುಟ ತೆಗೆದಾಗಲೂ ಒಂದಿಷ್ಟು ಅಂಕ ಕಳೆಯುತ್ತದೆ, ಮೂರು ತಿಂಗಳಲ್ಲಿ ಬಳಸದಿದ್ದರೆ ಉಳಿದ ಅಂಕವೂ ಸತ್ತುಹೋಗುತ್ತದೆ. ಸತ್ತವರ ಪಟ್ಟಿ ನೋಡಲು ಕೊಂಡದ್ದಕ್ಕೂ ಆಯಸ್ಸು ಇಟ್ಟಿದ್ದರು, ಪುಣ್ಯಾತ್ಮರು.

ಪೌಂಡು ಕೊಡಲು ಕ್ರೆಡಿಟ್ ಕಾರ್ಡು ಬೇಕು. ಆ ಕಾಲದಲ್ಲಿ ಕಾರ್ಡು ತಗೊಳ್ಳಿ ಸಾರ್ ಎಂದು ದಿನಕ್ಕೆರಡು ಫೋನು ಬರುತ್ತಿತ್ತು. ನಾನು ಬಾಯಿಗೆ ಬಂದಂತೆ ಬೈದು ಇಡುತ್ತಿದ್ದೆ. ಈಗ ನಾನೇ ಬೇಕೆಂದಾಗ ಒಬ್ಬರೂ ಫೋನು ಮಾಡಲಿಲ್ಲ. ಬ್ಯಾಂಕಿಗೆ ಹೋದರೆ ಸಂಬಳದ ಚೀಟಿ ಕೇಳಿದರು. ನಮ್ಮ ಪ್ರೆಸ್ಸಿನಲ್ಲಿ ಸಂಬಳ ಕವರಿನಲ್ಲಿ ಕೊಡುತ್ತಿದ್ದರೇ ಹೊರತು ಚೀಟಿ ಎಂಬುದು ಇರಲಿಲ್ಲ. ಮಾಲೀಕರನ್ನು ಕಾಡಿ, ನಾನೇ ಚೀಟಿ ಕಂಪೋಸ್ ಮಾಡಿಸಿ, ನಾನೇ ಅದರ ಪ್ರೂಫ್ ನೋಡಿ, ಅವರ ಸಹಿ ಹಾಕಿಸಿದೆ. ಎರಡು ತಿಂಗಳಿಗೆ ಕಾರ್ಡು ಬಂತು. ಸೈಬರ್ ಸೆಂಟರಿಗೆ ಓಡಿ ನಂಬರು ಹೊಡೆದರೆ ಆಗುವುದಿಲ್ಲ ಎಂದು ಕೆಂಪಗೆ ಬಂತು. ಹೊರದೇಶಕ್ಕೆ ಬಳಸಬೇಕಾದರೆ ಬೇರೆ ಅನುಮತಿ ಬೇಕಂತೆ. ಕಾಯಿನ್ ಬೂತಿನಲ್ಲಿ ರೂಪಾಯಿ ಮೇಲೆ ರೂಪಾಯಿ ಹಾಕಿಕೊಂಡು, ಒಂದನ್ನು ಒತ್ತಿ, ಎರಡನ್ನು ಒತ್ತಿ, ಕಾಯಿರಿ ಎಂಬ ಸಂಗೀತ ಕೇಳಿಕೊಂಡು ನಾನು ನಿಂತದ್ದು ನೆನಪಾದರೆ ಈಗಲೂ ಕೈ ಬಿಗಿಯಾಗುತ್ತದೆ. ನಮ್ಮ ತಾಲ್ಲೂಕಾಫೀಸಿನಲ್ಲಾದರೂ ಕೂಗಾಡಲು ಎದುರಿಗೆ ಒಬ್ಬ ಮನುಷ್ಯ ಇರುತ್ತಾನೆ. ಇಲ್ಲಿ ಯಾರ ಮೇಲೆ ಕೂಗಾಡಬೇಕು?

ಅಂತೂ ಅಂಕ ಕೊಂಡೆ. ಈಗ ಹೆಸರಿನ ಕಾಟ. ಅಜ್ಜನಿಗೆ ಊರಿನ ಹೆಸರು, ಅವರ ತಂದೆಯ ಹೆಸರು, ತಮ್ಮ ಹೆಸರು ಎಂದು ಮೂರು ತುಂಡು. ಅವರ ಫಾರಮ್ಮಿಗೆ ಬೇಕಾದದ್ದು ಮನೆತನದ ಹೆಸರು. ಆ ಮೂರನ್ನು ಹಿಂದೆ ಮುಂದೆ ಮಾಡಿ ಹುಡುಕಿದೆ. ಯಾವ ಇಸವಿಯಿಂದ ಯಾವ ಇಸವಿಯವರೆಗೆ ಎಂದು ಕೇಳುವ ಎರಡು ಖಾನೆಗಳಿದ್ದವು. ಅಜ್ಜ ಹೋದ ವರ್ಷದಿಂದ ಶುರುಮಾಡಿ ದರ್ಭೆಯ ಸಂಸ್ಕಾರ ಮಾಡಿದ ವರ್ಷದವರೆಗೆ ಹಾಕಿದೆ. ಆ ಹನ್ನೆರಡು ವರ್ಷದೊಳಗೇ ಅವರು ಎಲ್ಲೋ ಸತ್ತಿರಬೇಕು ತಾನೆ.

ಒಂದು ದಾಖಲೆ ಎಂದು ಬಂತು. ಅಂಕ ಕೊಟ್ಟು ತೆಗೆದರೆ ಅದು ಹತ್ತು ತಿಂಗಳ ಕೂಸು. ಇನ್ನೊಂದು ದಿನ ಇನ್ನೊಂದು ಜೋಡಣೆ, ಇನ್ನೊಂದು ದಾಖಲೆ, ಅಂಕ ಕೊಟ್ಟೆ, ಪುಟದ ಫೋಟೋ ಎಷ್ಟು ಮಸುಕೆಂದರೆ ನಮ್ಮ ಪ್ರೆಸ್ಸಿನಲ್ಲಾಗಿದ್ದರೆ ಹರಿದು ಬಿಸಾಡುತ್ತಿದ್ದೆವು. ಮತ್ತೊಂದು ಒಬ್ಬ ಮುದುಕಿಯದು. ಅರ್ಧ ಪುಟ ಇಳಿದಾಗ ಕರೆಂಟು ಹೋಗಿ, ಯುಪಿಎಸ್ ಕುಯ್ ಕುಯ್ ಎಂದು ಎರಡು ಸಲ ಅತ್ತು, ಎಲ್ಲ ಕತ್ತಲಾದದ್ದೂ ಉಂಟು. ಪುಟ ಕಾಣಲಿಲ್ಲ, ಅಂಕ ಮಾತ್ರ ಕಳೆದಿತ್ತು. ನಾನು ಅವರಿಗೆ ಕನ್ನಡದಲ್ಲಿ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಮನೆಗೆ ಹೋದರೆ ಅಮ್ಮ ಬಾಗಿಲಲ್ಲೇ ಕೇಳುತ್ತಿದ್ದಳು: "ಸಿಕ್ತೇನೋ?"

"ಇಲ್ಲಮ್ಮ. ನಾಳೆ ನೋಡ್ತೀನಿ."

"ಹೋಗ್ಲಿ ಬಿಡು, ದುಡ್ಡು ದಂಡ" ಎನ್ನುತ್ತಿದ್ದಳು. ಮರುದಿನ ಬಾಗಿಲಲ್ಲಿ ಅದೇ ಪ್ರಶ್ನೆ ಇರುತ್ತಿತ್ತು.

ಮೂರು ತಿಂಗಳ ಗಡುವು ಮುಗಿಯಲು ಎರಡು ದಿನ ಇದ್ದಾಗ ನನ್ನ ಅಂಕ ಇನ್ನೊಂದೇ ಪುಟಕ್ಕೆ ಸಾಲುವಷ್ಟು ಉಳಿದಿತ್ತು. ನಾನು ಕೀಬೋರ್ಡನ್ನು ಗುದ್ದುತ್ತಿದ್ದದ್ದು ನೋಡಿ ಸೈಬರ್ ಸೆಂಟರಿನಾಕೆ ಜೆರಾಕ್ಸ್ ಬಿಟ್ಟು ಎದ್ದು ಬಂದರು.

"ಸರ್, ಸ್ವಲ್ಪ ಹಗೂರಕ ಹೊಡೀರಿ. ಅದೂ ನನ್ನ ರೊಕ್ಕದ್ದ ಐತಿ. ಇವತ್ತೂ ಸಿಗಲಿಲ್ಲೇನ್ರಿ ನಿಮ್ಮ ಅಜ್ಜಾರು?"

"ಇಲ್ಲ ಮೇಡಂ. ದುಡ್ಡು ಕೊಟ್ಟು ಕಂಡೋರ ಹೆಣ ನೋಡೋ ಹಣೆಬರಹ ನಂದು."

ಅವರು ಬಗ್ಗಿ ಪರದೆ ನೋಡಿದರು. "ಈ ಎರಡು ಡಬ್ಬ್ಯಾಗ ವರ್ಷ ಯಾಕ ಹಾಕೀರಿ?"

"ಅಷ್ಟರೊಳಗೆ ತಾನೆ ಅವರು ಹೋಗಿರೋದು."

"ಯಾರು ಹೇಳ್ಯಾರ?"

"ಹನ್ನೆರಡು ವರ್ಷ ಕಾದು ನೋಡಿ ನಮ್ಮೋರೇ ಕರ್ಮ ಮಾಡಿ ಮುಗಿಸಿದಾರೆ ಮೇಡಂ."

"ಅದು ನಿಮ್ಮ ಮನ್ಯಾಗಿನ ಲೆಕ್ಕ ಆತ್ರಿ. ಆ ಊರಾಗ ಅದು ಯಾರಿಗೆ ಗೊತ್ತೈತಿ? ಖಾಲಿ ಬಿಟ್ಟು ಒತ್ರಿ, ನೋಡೂಣು."

ನನಗೆ ಯಾರೋ ಕಪಾಳಕ್ಕೆ ಕೊಟ್ಟಂತಾಯಿತು. ಅಷ್ಟು ದಿನ ಕೂತು ಹುಡುಕಿದ ನನಗೆ ಆ ಎರಡನೇ ಖಾನೆ ಖಾಲಿ ಬಿಡಬಹುದು ಎಂದು ಒಂದು ಸಲವೂ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ಅಜ್ಜ ಸತ್ತಾಗಿತ್ತು. ಬೆಂಕಿ ಕೊಟ್ಟಾಗಿತ್ತು, ಹಾಲು ತುಪ್ಪ ಬಿಟ್ಟಾಗಿತ್ತು. ಅದರಾಚೆಗೆ ಅವರು ಇದ್ದರು ಎಂದು ಯೋಚಿಸಲು ಬೇಕಾದ ತಲೆಯೇ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಖಾಲಿ ಬಿಟ್ಟು ಒತ್ತಿದೆ. ಒಂದು ದಾಖಲೆ ಎಂದಿತು. ಕೊನೆಯ ಅಂಕವನ್ನೂ ಅದರ ಬಾಯಿಗೆ ಹಾಕಿದೆ.

ಈ ಸಲ ಪುಟ ಸ್ಪಷ್ಟವಾಗಿ ಬಂತು. ನಮ್ಮ ಊರಿನ ಹೆಸರನ್ನೇ ಮನೆತನದ ಹೆಸರು ಮಾಡಿದ್ದರು, ಅದರ ಪಕ್ಕದಲ್ಲಿ ಅಜ್ಜನ ಹೆಸರು, ಅವರ ತಂದೆಯ ಹೆಸರು, ಎರಡೂ ಇದ್ದವು. ಭೂಮಿಯ ಮೇಲೆ ಬೇರೆ ಯಾರಿಗೂ ಆ ಮೂರು ಹೆಸರು ಒಟ್ಟಿಗೆ ಇರಲು ಸಾಧ್ಯವಿಲ್ಲ. ಹುಟ್ಟಿದ ತಾರೀಖು ಕೂಡ ಇತ್ತು, ಅದು ಅಮ್ಮನಿಗೇ ಗೊತ್ತಿರಲಿಲ್ಲ. ಊರು ಇಂಗ್ಲೆಂಡಿನ ಉತ್ತರದ ಯಾವುದೋ ಗಿರಣಿ ಪಟ್ಟಣ. ಸತ್ತ ತಾರೀಖಿಗಾಗಿ ಹುಡುಕಿದೆ. ಇಲ್ಲ. ಮೇಲೆ ನೋಡಿದೆ, ಕೆಳಗೆ ನೋಡಿದೆ. ಪುಟದ ತಲೆಯಲ್ಲಿ ಜನವರಿ, ಫೆಬ್ರವರಿ, ಮಾರ್ಚ್ ಎಂದು ಇತ್ತು, ಅಷ್ಟೇ. ಆ ದೇಶದ ಪಟ್ಟಿಯಲ್ಲಿ ಸಾವನ್ನು ಮೂರು ಮೂರು ತಿಂಗಳಿಗೆ ಒಟ್ಟು ಹಾಕುತ್ತಾರಂತೆ. ನಮಗೆ ಬೇಕಾಗಿದ್ದದ್ದು ಒಂದು ತಿಥಿ, ಅವರು ಕೊಟ್ಟದ್ದು ತೊಂಬತ್ತು ದಿನ.

"ಥೂ ಇವರ!" ಎಂದು ಕೂಗಿದೆ. ಪಕ್ಕದ ಕಂಪ್ಯೂಟರಿನವನು ಬೆಚ್ಚಿ ತಿರುಗಿದ. ಹಾಗೆ ಸಿಟ್ಟಿನಲ್ಲಿ ಆ ಮೂರು ತಿಂಗಳುಗಳನ್ನೇ ನೋಡುತ್ತಿದ್ದಾಗ ಅವುಗಳ ಪಕ್ಕದ ಇಸವಿ ಕಣ್ಣಿಗೆ ಬಿತ್ತು. ಆ ಇಸವಿಯಲ್ಲಿ ನಾನು ಐದನೇ ಕ್ಲಾಸಿನಲ್ಲಿದ್ದೆ.

ಅಜ್ಜಿ ಹೋದದ್ದು ನಾನು ಎರಡನೇ ಕ್ಲಾಸಿನಲ್ಲಿದ್ದಾಗ.

ಅಜ್ಜಿಯನ್ನು ಸಾಗಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಒಂದು ಮಾಸಲು ಸೀರೆ ಹೊದಿಸಿ, ಬರಿಯ ಹಣೆಯಲ್ಲಿ, ಬೇಗ ಬೇಗ ಎತ್ತಿದರು. ಅದೇ ವರ್ಷ ವಠಾರದಲ್ಲಿ ಇನ್ನೊಬ್ಬಾಕೆ ಹೋದರು, ಗಂಡ ಇದ್ದವರು. ಅವರಿಗೆ ಹೊಸ ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ತಲೆ ತುಂಬ ಮಲ್ಲಿಗೆ ಮುಡಿಸಿದ್ದರು. ಹೆಂಗಸರೆಲ್ಲ ಸಾಲಾಗಿ ನಿಂತು ಆ ಹಣೆಗೆ ಕುಂಕುಮ ಇಟ್ಟು, ಮುತ್ತೈದೆ ಸಾವು, ಪುಣ್ಯವಂತೆ ಎಂದು ಕೈಮುಗಿದರು. ನಮ್ಮಜ್ಜಿಗೂ ಹೀಗೇ ಯಾಕೆ ಮಾಡಲಿಲ್ಲ ಎಂದು ನಾನು ಅಮ್ಮನನ್ನು ಕೇಳಿ ತಲೆಗೆ ಮೊಟಕಿಸಿಕೊಂಡಿದ್ದೆ.

"ಸಿಕ್ಕರೇನ್ರಿ?" ಎಂದರು ಸೈಬರ್ ಸೆಂಟರಿನಾಕೆ.

"ಸಿಕ್ಕರು."

"ಮತ್ತ ಮಾರಿ ಯಾಕ ಹಂಗ ಮಾಡ್ಕೊಂಡೀರಿ?"

ಹೇಳಿದೆ. ಅವರು "ಅಯ್ಯ ಶಿವನ" ಎಂದು ತಮ್ಮ ಜಾಗಕ್ಕೆ ಹೋದರು. ಅವತ್ತಿನ ಬ್ರೌಸಿಂಗಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಅಮ್ಮನಿಗೆ ಅವತ್ತು ಪೂರ್ತಿ ಹೇಳುವ ಧೈರ್ಯ ನನಗೆ ಆಗಲಿಲ್ಲ. ಹೆಸರು ಸಿಕ್ಕಿದೆ, ದಿನ ತಿಳಿಯಲು ಮರಣಪತ್ರ ತರಿಸಬೇಕು ಎಂದಷ್ಟೇ ಅಂದೆ. ಅದು ನಿಜವೂ ಹೌದು. ಪತ್ರ ಕೊಡುವುದು ಅಲ್ಲಿನ ಸರಕಾರಿ ಕಚೇರಿ, ಅದಕ್ಕೆ ಬೇರೆ ವೆಬ್‌ಸೈಟ್, ಬೇರೆ ಫಾರಮ್ಮು, ಮತ್ತೆ ಪೌಂಡು. ವಿಳಾಸಕ್ಕೆ ಎರಡೇ ಸಾಲು ಜಾಗ. ಬಸವೇಶ್ವರನಗರದ ವಿಳಾಸ ಎರಡು ಸಾಲಿನಲ್ಲಿ ಹಿಡಿಯುತ್ತದೆಯೇ? ಹಂತ, ಬ್ಲಾಕು, ಮುಖ್ಯರಸ್ತೆ, ಅಡ್ಡರಸ್ತೆ, ಮನೆ ನಂಬರು ಎಲ್ಲವನ್ನೂ ತುರುಕಿದೆ. ಆ ಫಾರಮ್ಮು ಬ್ಲಾಕನ್ನು ನುಂಗಿತು. ಒಂದೂವರೆ ತಿಂಗಳು ದಾರಿ ನೋಡಿದೆ. ಕೊನೆಗೆ ಇನ್ನೊಂದು ಬ್ಲಾಕಿನಲ್ಲಿ ಅದೇ ನಂಬರಿನ ಮನೆಯವರು, ಇದು ನಿಮ್ಮದಾ ನೋಡಿ ಎಂದು ಲಕೋಟೆ ಹಿಡಿದು ಹುಡುಕಿಕೊಂಡು ಬಂದರು. ಮೂರು ವಾರದಿಂದ ಅವರ ಟಿ.ವಿ. ಮೇಲೆ ಇತ್ತಂತೆ.

ಆ ಒಂದೂವರೆ ತಿಂಗಳು ಅಮ್ಮನ ಖುಷಿ ನೋಡುವುದೇ ನನಗೆ ಶಿಕ್ಷೆಯಾಗಿತ್ತು. ಉಬ್ಬಸವೇ ಮರೆತವಳಂತೆ ಓಡಾಡುತ್ತಿದ್ದಳು. "ಅವರಿಗೆ ಗೋರಿಕಾಯಿ ಪಲ್ಯ ಅಂದ್ರೆ ಪ್ರಾಣ ಅಂತ ಅಮ್ಮ ಹೇಳ್ತಿದ್ಲು. ಅದನ್ನ ಮಾಡ್ಲೇಬೇಕು" ಎನ್ನುತ್ತಿದ್ದಳು. ಪುರೋಹಿತರಿಗೆ ಕೊಡಲು ಪಂಚೆ ಜೋಡಿ ತಂದು ಬೀರುವಿನಲ್ಲಿ ಇಟ್ಟಿದ್ದಳು. ನನ್ನ ಹೆಂಡತಿಗೆ ವಿಷಯ ಹೇಳಿದ್ದೆ. ಇಸವಿ ಮುಚ್ಚಿಟ್ಟು ಬರೀ ತಿಥಿ ಹೇಳಿಬಿಡಿ ಎಂದು ಅವಳು ಉಪಾಯ ಕೊಟ್ಟಳು. ನಾನೂ ಹಾಗೇ ಮಾಡುವುದೆಂದು ತೀರ್ಮಾನಿಸಿದ್ದೆ.

ಅಮ್ಮ ಬಿಟ್ಟರೆ ತಾನೆ? ಲಕೋಟೆ ಒಡೆಯುವಾಗಲೇ ಪಕ್ಕದಲ್ಲಿ ಬಂದು ಕೂತಳು. ಅವಳಿಗೆ ಇಂಗ್ಲಿಷ್ ಬಾರದು, ಅಂಕಿ ಮಾತ್ರ ಓದಲು ಬರುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಮೊದಲನೇ ಖಾನೆಯ ಮೇಲೆ ಅವಳ ಬೆರಳು ನಿಂತಿತ್ತು.

"ಇದೇನೋ, ಇಸವಿ ತಪ್ಪು ಹಾಕಿದಾರೆ? ಅಲ್ಲಿ ಪ್ರೂಫ್ ನೋಡೋರು ಇಲ್ವಾ?"

"ತಪ್ಪಿಲ್ಲಮ್ಮ."

ಬೆರಳು ಮಡಿಸಿ ಎಣಿಸಿದಳು. ಇನ್ನೊಂದು ಸಲ ಎಣಿಸಿದಳು. "ಆಗ ನಮ್ಮಮ್ಮ ಹೋಗಿ ಮೂರು ವರ್ಷ ಆಗಿತ್ತು."

"ಹೂಂ."

"ಎಲ್ಲಾ ಓದು. ಒಂದೂ ಬಿಡ್ಬೇಡ."

ಓದಿದೆ. ಕೆಲಸ: ಲೇತ್ ಕೆಲಸಗಾರ, ನಿವೃತ್ತ. ಕಾರಣ: ಎದೆಯ ಕಾಯಿಲೆ. ಮನೆಯ ವಿಳಾಸ. ಅಲ್ಲಿಗೆ ನಿಲ್ಲಿಸಿದೆ. ಅವಳ ಬೆರಳು ಇನ್ನೂ ಉಳಿದಿದ್ದ ಒಂದು ಖಾನೆಗೆ ಹೋಯಿತು.

"ಇದು?"

"ಸತ್ತಿದ್ದನ್ನ ಬಂದು ಬರೆಸಿದೋರು ಯಾರು ಅಂತ."

"ಯಾರು?"

ಸುಳ್ಳು ಹೇಳಬಹುದಿತ್ತು. ಯಾರೋ ಸ್ನೇಹಿತ ಎಂದಿದ್ದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಆ ಕಾಗದಕ್ಕಾಗಿ ಆರೇಳು ತಿಂಗಳು ಅಷ್ಟು ಹೆಣಗಾಡಿದ ಮೇಲೆ ಅದರಲ್ಲಿ ಒಂದು ಸಾಲನ್ನು ನಾನೇ ತಿದ್ದಿ ಓದಲು ನನ್ನಿಂದ ಆಗಲಿಲ್ಲ.

"ಹೆಂಡ್ತಿ ಅಂತ ಇದೆಯಮ್ಮ. ಅಲ್ಲಿಯೋಳು. ಮೃತರ ವಿಧವೆ ಅಂತ ಬರೆಸಿದಾಳೆ."

ಅಮ್ಮ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಸೆರಗಿನಿಂದ ಕತ್ತು ಒರೆಸಿಕೊಂಡಳು. ಆಮೇಲೆ ಗೋಡೆ ನೋಡಿಕೊಂಡು ಮಾತಾಡಿದಳು.

"ನನ್ನ ಮದುವೇಲಿ ನಮ್ಮಮ್ಮ ಉಗ್ರಾಣದಲ್ಲಿ ಕೂತಿದ್ಲು ಕಣೋ. ತೆಂಗಿನಕಾಯಿ, ಬೆಲ್ಲ ಕಾಯ್ಕೊಂಡು. ಧಾರೆ ಎರೆದಿದ್ದು ದೊಡ್ಡಪ್ಪ ದೊಡ್ಡಮ್ಮ. ಆಮೇಲೆ ನಾನೇ ಹುಡುಕ್ಕೊಂಡು ಹೋಗಿ ಕಾಲಿಗೆ ಬಿದ್ರೆ, ಎದುರಿಗೆ ಬರ್ಬೇಡ, ಒಳ್ಳೇದಲ್ಲ, ಹೋಗು ಅಂತ ಬೈದು ಕಳ್ಸಿದ್ಲು. ಸ್ವಂತ ಮಗಳಿಗೆ. ಗಂಡ ಗುಂಡುಕಲ್ಲಿನ ಹಾಗೆ ಇದ್ದ ಅಲ್ಲಿ."

ಅವಳು ತನ್ನ ತಂದೆಯನ್ನು ಏಕವಚನದಲ್ಲಿ ಕರೆದದ್ದು ನಾನು ಕೇಳಿದ್ದು ಅದೇ ಮೊದಲು. ನನಗೆ ಅಜ್ಜನ ಮೇಲೆ, ದರ್ಭೆಯ ಮೇಲೆ, ಆ ವೆಬ್‌ಸೈಟಿನ ಮೇಲೆ, ಪುರವಣಿಯಲ್ಲಿ ಬರೆದ ಪುಣ್ಯಾತ್ಮನ ಮೇಲೆ ಒಟ್ಟಿಗೇ ಸಿಟ್ಟು ಬಂತು. ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ. ಆ ಖಾನೆಯಲ್ಲಿ ಇಸವಿ ಇದ್ದ ಹಾಗೇ ಬಿಟ್ಟಿದ್ದರೆ, ಸಿಗಲಿಲ್ಲ ಎಂದು ಕೈಚೆಲ್ಲಿದ್ದರೆ ಅಮ್ಮ ಆ ಗೋಡೆ ನೋಡುತ್ತ ಕೂರುವ ಹಾಗೆ ಆಗುತ್ತಿರಲಿಲ್ಲ.

ವಾರದ ನಂತರ ಪುರೋಹಿತರು ಬಂದರು. ನಮ್ಮ ಕುಲದವರೇ, ವಿಜಯನಗರದಲ್ಲಿ ಮನೆ. ಹಳೆಯ ಪಂಚಾಂಗಗಳನ್ನೆಲ್ಲ ಸಿ.ಡಿ.ಯಲ್ಲಿ ಇಟ್ಟುಕೊಂಡವರು. ತಾರೀಖು ಬರೆದುಕೊಂಡು ಹೋಗಿ ನೋಡಿಕೊಂಡೇ ಬಂದಿದ್ದರು. "ಮಾಘ ಬಹುಳ ಸಪ್ತಮಿ" ಎಂದು ಒಂದೇ ಮಾತಿನಲ್ಲಿ ಹೇಳಿದರು. ನಾನು ಅಷ್ಟು ತಿಂಗಳು ಪೌಂಡು ಸುರಿದು ಹುಡುಕಿದ ದಿನ ಹೀಗೆ ಕಾಫಿ ಕುಡಿಯುತ್ತಾ ಬಂದು ಬಿತ್ತು.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು: "ಸ್ವಾಮಿ, ಹನ್ನೆರಡು ವರ್ಷ ಆಯ್ತು ಅಂತ ನಮ್ಮಮ್ಮನ ಬಳೆ ಒಡೆಸಿದ್ರಲ್ಲ, ಅದನ್ನ ವಾಪಸ್ ತಗೊಳ್ಳೋಕೆ ಯಾವ ಮಂತ್ರ ಇದೆ?"

ಪುರೋಹಿತರು ಲೋಟ ಕೆಳಗಿಟ್ಟರು. "ಹೋದೋನು ತಿರುಗಿ ಬಂದ್ರೆ ಅವನಿಗೆ ಮತ್ತೆ ಜಾತಕರ್ಮದಿಂದ ಎಲ್ಲಾ ಮಾಡಿ, ಅದೇ ಹೆಂಡ್ತಿ ಜೊತೆ ಮತ್ತೆ ಮದುವೆ ಮಾಡಿಸ್ಬೇಕು ಅಂತಿದೆಯಮ್ಮ."

"ಅದು ಅವನಿಗಾಯ್ತು. ಅವಳಿಗೆ?"

ನಾನು ಸುಳ್ಳು ಹೇಳಬಾರದು, ಪುರೋಹಿತರಿಗೂ ಕಷ್ಟವಾಗಿತ್ತು. "ಅದಕ್ಕೇ ಅಂತ ಏನೂ ಇಲ್ಲ ತಾಯಿ. ಮುತ್ತೈದೆಯಾಗಿ ಹೋದೋರಿಗೆ ಪಿತೃಪಕ್ಷದಲ್ಲಿ ನವಮಿ ದಿನ ಮಾಡ್ತಾರೆ. ಒಬ್ಬರು ಮುತ್ತೈದೇನ ಕರೆದು, ಸೀರೆ, ಬಳೆ, ಕುಂಕುಮ ಕೊಟ್ಟು ಊಟಕ್ಕಿಡೋದು. ಬೇಕಾದ್ರೆ ಅದನ್ನ ಮಾಡ್ಬಹುದು."

"ಬೇಕಾದ್ರೆ ಅಲ್ಲ, ಮಾಡ್ಬೇಕು" ಎಂದಳು ಅಮ್ಮ.

ಪಿತೃಪಕ್ಷಕ್ಕೆ ಇನ್ನೂ ಮೂರು ವಾರವಿತ್ತು. ಮುತ್ತೈದೆಯಾಗಿ ಯಾರನ್ನು ಕರೆಯುವುದು ಎಂದು ನನ್ನ ಹೆಂಡತಿ ಯೋಚಿಸುತ್ತಿದ್ದಾಗ, ಸೈಬರ್ ಸೆಂಟರಿನವರನ್ನು ಕರೆಯಿರಿ ಎಂದು ಅಮ್ಮನೇ ಹೇಳಿದಳು. ಅವರು ಅವತ್ತು ಅಂಗಡಿ ಮುಚ್ಚಿ, ತಲೆಗೆ ಸ್ನಾನ ಮಾಡಿ ಬಂದರು. ಪುರೋಹಿತರು ಎಲ್ಲ ಮುಗಿಸಿ, ಈಗ ಅರಿಶಿನ ಕುಂಕುಮ ಕೊಡಿ ಎಂದರು. ಗಂಡ ಸತ್ತವರು ಅದನ್ನು ಕೊಡುವ ಪದ್ಧತಿ ಇಲ್ಲ, ಹಾಗಾಗಿ ನನ್ನ ಹೆಂಡತಿ ಬಟ್ಟಲು ಹಿಡಿದು ಮುಂದೆ ಬಂದಳು. ಅಮ್ಮ ಅವಳ ಕೈಯಿಂದ ಬಟ್ಟಲನ್ನು ತೆಗೆದುಕೊಂಡಳು. ತಾನೇ ಮೊಣಕಾಲೂರಿ ಕೂತು ಆಕೆಯ ಹಣೆಗೆ ಕುಂಕುಮ ಇಟ್ಟಳು, ಎರಡೂ ಕೈಗೆ ಹಸಿರು ಬಳೆ ತೊಡಿಸಿದಳು, ಹೂ ಮುಡಿಸಿದಳು. ಪುರೋಹಿತರು ಪುಸ್ತಕದ ಹಾಳೆ ತಿರುವುತ್ತಾ ಕೂತರು. ಬೇಡ ಎಂದು ಯಾರೂ ಹೇಳಲಿಲ್ಲ. ಆಕೆ ಅಮ್ಮನ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಾಗ ಅಮ್ಮ ತಡೆದು, "ಇವತ್ತು ನೀವು ನಮ್ಮಮ್ಮ" ಎಂದು ತಾನೇ ಅವರ ಕಾಲು ಮುಟ್ಟಿದಳು. ಇಬ್ಬರೂ ಅತ್ತರು. ನಾನು ಎಲೆ ಹಾಕುವ ನೆಪದಲ್ಲಿ ಎದ್ದು ಹೋದೆ.

ಮಾಘ ಬಹುಳ ಸಪ್ತಮಿ ಆ ವರ್ಷ ಒಂದು ಕೆಲಸದ ದಿನ ಬಿತ್ತು. ಅಮ್ಮ ಅದರ ಮಾತೇ ಎತ್ತಿರಲಿಲ್ಲ. ಆದರೂ ತಂದೆಯಲ್ಲವೇ, ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸಬಹುದು ಎಂದು ನಾನು ಪ್ರೆಸ್ಸಿಗೆ ಅರ್ಧ ದಿನ ರಜಾ ಹೇಳಿ, ಪುರೋಹಿತರಿಗೂ ಒಂದು ಮಾತು ಹಾಕಿ ಇಟ್ಟಿದ್ದೆ. ಬೆಳಿಗ್ಗೆ ಸ್ನಾನ ಮುಗಿಸಿ ಈಚೆಗೆ ಬಂದರೆ ಮನೆಯೆಲ್ಲ ಘಮಘಮ ಅನ್ನುತ್ತಿತ್ತು. ತಿಥಿಯ ದಿನ ನಮ್ಮ ಮನೆಯೊಳಗೆ ಈರುಳ್ಳಿ ಬರುವಂತಿಲ್ಲ. ಅಮ್ಮ ಒಲೆಯ ಮುಂದೆ ನಿಂತು ಸಣ್ಣ ಈರುಳ್ಳಿ ಹುಳಿಗೆ ಒಗ್ಗರಣೆ ಕೊಡುತ್ತಿದ್ದಳು. ಬೆಳ್ಳುಳ್ಳಿಯೂ ಬಿದ್ದಿತ್ತು.

"ಅಮ್ಮ, ಇವತ್ತು ಸಪ್ತಮಿ" ಎಂದೆ.

"ಹೌದಾ?"

"ಅಜ್ಜನ ತಿಥಿ."

"ಅವರಿಗೆ ಮಹಾಲಯ ಅಮಾವಾಸ್ಯೆ ದಿನ ಮಾಡ್ತೀವಲ್ಲ. ದಿನ ಗೊತ್ತಿಲ್ಲದೋರ ಜೊತೆ."

"ದಿನ ಗೊತ್ತಿದೆಯಲ್ಲಮ್ಮ ಈಗ."

ಅವಳು ತಟ್ಟೆ ಇಟ್ಟಳು. ಅನ್ನ ಬಡಿಸಿ, ಹುಳಿಯನ್ನು ಎರಡು ಸೌಟು ಹಾಕಿದಳು.

"ನನಗೆ ಗೊತ್ತಿಲ್ಲ ಕಣೋ" ಎಂದಳು. "ಕೂತ್ಕೋ, ಆರಿಹೋಗುತ್ತೆ."